ತಂಬಿಗೆ ನೀರು ಚೆಲ್ಲಿದ ದಿನಗಳು

ಆಗಿನ ದಿನಗಳಲ್ಲಿ ನಮ್ಮೂರಿನ ಮಕ್ಕಳ ಹೊಟ್ಟೆನೋವಿಗೆ ಕಾರಣ ಯಾರನ್ನು ಕೇಳಿದರೂ ಸಿಗುತ್ತಿತ್ತು. ಹಸಿಕಡಲೆ ತಿಂದಿರಬೇಕು, ದೃಷ್ಟಿ ತಾಗಿರಬೇಕು, ಬಟ್ಟಿ ಸರಿದಿರಬೇಕು, ಅಂದರೆ ಹೊಕ್ಕುಳ ತನ್ನ ಜಾಗ ಬಿಟ್ಟು ಜಾರಿರಬೇಕು. ಶಾಲೆ ತಪ್ಪಿಸುವ ಕಳ್ಳನೋವು ಎನ್ನುವವರೂ ಇದ್ದರು. ನೀವು ಹಳ್ಳಿಯಲ್ಲಿ ಬೆಳೆದವರಾದರೆ ಇವುಗಳಲ್ಲಿ ಒಂದಾದರೂ ನಿಮ್ಮ ಪಾಲಿಗೆ ಬಂದಿರುತ್ತದೆ. ಎಂಬತ್ತರ ದಶಕದ ಒಂದು ಸುಗ್ಗಿಯಲ್ಲಿ, ನನಗೆ ಹತ್ತು ವರ್ಷವಿದ್ದಾಗ, ನನ್ನ ಪಾಲಿಗೆ ಎಲ್ಲವೂ ಬಂದವು. ನಿಜವಾದ ಕಾರಣ ನನಗೆ ಮತ್ತು ಗೆಳತಿ ಕಸ್ತೂರಿಗೆ ಮಾತ್ರ ಗೊತ್ತಿತ್ತು.

ನಮ್ಮದು ಯರಗುಪ್ಪಿಯ ಆಚೆಗಿನ ಕರಿಮಣ್ಣಿನ ಊರು. ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಹೆಂಗಸರು ಬೆಳಕು ಹರಿಯುವ ಮೊದಲೇ ತಂಬಿಗೆ ಹಿಡಿದು ರಸ್ತೆ ಬದಿಯ ಹೊಲಕ್ಕೆ ಹೋಗಬೇಕು. ತಪ್ಪಿದರೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಜೋಳ ನಿಂತಿರುವಷ್ಟು ದಿನ ಚಿಂತೆಯಿಲ್ಲ, ಆಳೆತ್ತರದ ಮರೆ. ಕೊಯ್ಲಾದರೆ ಊರಿಗೆಲ್ಲ ಸಂಭ್ರಮ, ನಮ್ಮ ಮರೆ ಮಾತ್ರ ಹೋಯಿತು. ಹುಬ್ಬಳ್ಳಿಗೆ ಹೋಗುವ ಮೊದಲ ಬಸ್ಸಿನ ಬೆಳಕು ಬಿದ್ದರೆ ಮುದುಕಿಯರಿಂದ ಹಿಡಿದು ನಮ್ಮವರೆಗೆ ಎಲ್ಲರೂ ದಡಕ್ಕನೆ ಎದ್ದು ನಿಲ್ಲುವುದು, ಬಸ್ಸು ಹೋದ ಮೇಲೆ ಮತ್ತೆ ಕೂರುವುದು.

ಒಂದು ಬೆಳಿಗ್ಗೆ ಬಸ್ಸು ಹೋಗಲಿಲ್ಲ. ಯಾರೋ ಕೈ ಮಾಡಿದರೆಂದು ನಮ್ಮ ಎದುರಿಗೇ ನಿಂತಿತು. ಕಸ್ತೂರಿ ಮತ್ತು ನಾನು ಉಳಿದವರಿಗಿಂತ ಮುಂದಿದ್ದೆವು. ಲಂಗ ಹಿಡಿದುಕೊಂಡು ಬೆಳಕಿನ ನಡುವೆ ನಿಂತೆವು. ಕಿಟಕಿಗಳಲ್ಲಿ ತಲೆಗಳು ಕಂಡವು. ಒಳಗಿನಿಂದ ಯಾರೋ ನಕ್ಕರು. ನಡೆದದ್ದು ಇಷ್ಟೇ, ಆದರೆ ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

"ಯಾರ ಮುಂದೂ ಹೇಳಬ್ಯಾಡಬೇ," ಅಂದಳು ಕಸ್ತೂರಿ, ಮನೆಯ ದಾರಿಯಲ್ಲಿ. "ಕಲ್ಮೇಶ್ವರನ ಆಣಿ ಮಾಡು."

ಕೈಗೆ ಕೈ ಹೊಡೆದು ಆಣೆ ಮಾಡಿದೆವು.

ಮರುದಿನದಿಂದ ನನ್ನ ಹೊಟ್ಟೆ ಹಟ ಹಿಡಿಯಿತು. ಹೊಲದಲ್ಲಿ ಕೂತರೆ ಕಿವಿಯೆಲ್ಲ ರಸ್ತೆಯ ಕಡೆಗೇ. ಕೊನೆಗೆ ತಂಬಿಗೆಯ ನೀರನ್ನು ಕರಿಮಣ್ಣಿನ ಬಿರುಕಿಗೆ ಸುರಿದು ಎದ್ದು ಬರುತ್ತಿದ್ದೆ. ಬಾಜುವಿನಲ್ಲಿ ಕಸ್ತೂರಿಯೂ ಸುರಿಯುತ್ತಿದ್ದಳು.

"ಆತೇನಬೇ?" ಎಂದು ಅವ್ವ ಕೇಳುವಳು.

"ಆತು."

ನಾಲ್ಕನೇ ದಿನಕ್ಕೆ ನೋವು ಶುರುವಾಯಿತು. ಕಲ್ಲು ತೂರಿ ಹಿಡಿಯುವ ಆಣಿಕಲ್ಲಿನ ಆಟದ ನಡುವೆ ಹೊಟ್ಟೆ ಹಿಡಿದು ಮುದುಡಿಕೊಂಡೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೊಲದಿಂದ ತಂದ ಹಸಿಕಡಲೆ, ಯಾವುದೂ ಬೇಡವಾಯಿತು. ಅವ್ವ ಹೊಕ್ಕುಳ ಸುತ್ತ ಇಂಗು ಹಚ್ಚಿದಳು. ಪಕ್ಕದ ಮನೆಯವರು ಬಟ್ಟಿ ತಿಕ್ಕಿದರು. ನೀವಳಿಸಿ ಒಲೆಗೆ ಹಾಕಿದ ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಕಡೆಗೆ ಕುಂದಗೋಳದ ಡಾಕ್ಟರ ಹತ್ತಿರ ಕರೆದೊಯ್ದರು.

"ಹೊರಕಡೆ ದಿನಾ ಸರಿಯಾಗಿ ಆಗತದೇನ್ರಿ?" ಎಂದು ಅವರು ಕೇಳಿದರು. ಅವರು ಕೇಳಬೇಕಾದದ್ದನ್ನೇ ಕೇಳಿದ್ದರು.

"ಆಗತೈತ್ರಿ ಸಾಹೇಬ್ರ. ದಿನಾ ನನ್ನ ಜೋಡಿನ ಬರತಾಳ," ಎಂದಳು ಅವ್ವ.

ಅವರು ನನ್ನ ಮುಖ ನೋಡಿದರು. ನಾನು ಹೌದೆಂದು ಗೋಣು ಹಾಕಿದೆ. ಜಂತಿನ ಗುಳಿಗೆ ಕೊಟ್ಟು ಕಳಿಸಿದರು.

ಅದರಿಂದಲೂ ಇಳಿಯದಿದ್ದಾಗ ಅಪ್ಪ ಅಂದ, "ರವಿವಾರ ಚುಟಗಿ ಹಾಕಸೂಣು. ಕಸ್ತೂರಿಗೂ ಹಾಕಸ್ತಾರಂತ."

ಚುಟಗಿ ಎಂದರೆ ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಹೊಟ್ಟೆಯ ಮೇಲೆ ಸುಡುವುದು. ನಮ್ಮ ಓಣಿಯಲ್ಲಿ ಆ ಕಲೆಯಿಲ್ಲದ ಮಕ್ಕಳೇ ಕಡಿಮೆ. ರವಿವಾರಕ್ಕೆ ಮೂರು ದಿನವಿತ್ತು. ಆ ಮೂರೂ ಬೆಳಿಗ್ಗೆ ನಾನು ಹೊಲದಲ್ಲಿ ಹಲ್ಲು ಕಚ್ಚಿ ಕೂತೆ. ದೂರದಲ್ಲಿ ಬಸ್ಸು ಗುಂಯ್ ಅಂದರೆ ಸಾಕು, ಎಲ್ಲ ಗಟ್ಟಿಯಾಗುತ್ತಿತ್ತು. ಮೂರೂ ದಿನ "ಆತು" ಎಂದೆ. ಇಷ್ಟು ದಿನ ಸುಳ್ಳು ಹೇಳಿದೆ ಎಂದು ಈಗ ಒಪ್ಪಿಕೊಳ್ಳುವುದು ಕಡ್ಡಿಗಿಂತ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಚುಟಗಿ ಹಾಕುವ ಗಂಗವ್ವಾಯಿ ಕೆಟ್ಟವಳೇನಲ್ಲ. ಹಾಕಿದ ಮೇಲೆ ಗಾಯಕ್ಕೆ ತಾನೇ ಊದಿ, ಮಕ್ಕಳ ಕೈಗೆ ಬೆಲ್ಲ ಕೊಡುತ್ತಿದ್ದಳು. ಅವಳ ಅಂಗಳದಲ್ಲಿ ಸಗಣಿ ಕುಳ್ಳಿನ ಹೊಗೆ ತುಂಬಿತ್ತು. ನಾವಲ್ಲದೆ ಇನ್ನೂ ನಾಲ್ಕೈದು ಮಕ್ಕಳು ತಾಯಂದಿರ ಸೆರಗು ಹಿಡಿದು ನಿಂತಿದ್ದವು, ಎಲ್ಲರದೂ ಹೊಟ್ಟೆನೋವೇ.

"ಊರಾಗಿನ ಹೊಟ್ಟಿ ಎಲ್ಲಾ ಇವತ್ತ ಇಲ್ಲೇ ಬಂದಾವಲ್ಲಬೇ!" ಎಂದು ಆಯಿ ನಕ್ಕಳು. ಮೊದಲು ಬಂದವಳು ನಾನು. "ಬಾ ಯವ್ವಾ, ನಿಂದ ಮೊದಲ ಪಾಳಿ."

ನಾನು ಅವ್ವನ ಹಿಂದೆ ಅಡಗಿದೆ. "ಕಸ್ತೂರಿ ಮೊದಲ ಹೋಗಲಿ," ಎಂದೆ.

ಕಸ್ತೂರಿ ನನ್ನನ್ನು ನೋಡಿದಳು. ಹೋಗಿ ಚಾಪೆಯ ಮೇಲೆ ಮಲಗಿದಳು. ಅವಳವ್ವ ಕೈ ಹಿಡಿದಳು, ಮತ್ತೊಬ್ಬಾಕೆ ಕಾಲು. ಕಡ್ಡಿ ಇಳಿಯುವ ಮೊದಲು ಅವಳ ಕಣ್ಣು ನನ್ನನ್ನು ಹುಡುಕಿತು. ನಾನು ನೆಲ ನೋಡಿದೆ. ಚರ್ರ್ ಎಂದಿತು. "ಯವ್ವಾ!" ಎಂದು ಚೀರಿದಳು, ಅಷ್ಟೇ. ಬಸ್ಸಿನ ಮಾತು, ಹೊಲದ ಮಾತು, ಒಂದೂ ಬಾಯಿಂದ ಬರಲಿಲ್ಲ. ಸುಟ್ಟ ಚರ್ಮದ ವಾಸನೆ ನನ್ನವರೆಗೂ ಬಂತು.

ಕಡ್ಡಿ ಮತ್ತೆ ಕೆಂಡದೊಳಗೆ ಹೋಯಿತು. ನನ್ನನ್ನು ಮಲಗಿಸಿದರು. ಕೈ ಹಿಡಿದಿದ್ದ ಅವ್ವನ ಅಂಗೈ ಬೆವತಿತ್ತು. ಕಡ್ಡಿ ಮುಟ್ಟುವ ಮೊದಲೇ ಅದರ ಕಾವು ಹೊಟ್ಟೆಗೆ ತಾಗಿತು.

"ಆಗಿಲ್ಲ!" ಎಂದು ಅರಚಿದೆ. "ಯವ್ವಾ, ಆಗಿಲ್ಲ! ಹತ್ತ ದಿನ ಆತು, ಏನೂ ಆಗಿಲ್ಲ! ಬಸ್ಸಿನ ಲೈಟ ಬೀಳತೈತಿ!"

ಆಯಿಯ ಕೈ ನಿಂತಿತು.

"ಮತ್ತ ದಿನಾ ಆತು ಅಂತಿದ್ದೆಲ್ಲಬೇ?" ಅವ್ವನ ದನಿ ಒಡೆದಿತ್ತು.

"ನೀರ ಚೆಲ್ಲತಿದ್ದೆ."

ಆಮೇಲೆ ಕಾದು ನಿಂತವರ ನಡುವಿನಿಂದ ಒಂದು ಸಣ್ಣ ದನಿ ಬಂತು: "ನಂದೂ ಆಗಿಲ್ಲ." ಇನ್ನೊಬ್ಬಳು, "ನಂದೂ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಬೆಳಕಿಗೆ ಎದ್ದು ನಿಂತು ಅವರಿಗೂ ಗೊತ್ತಿತ್ತು. ಏನೂ ಹೇಳದೆ ಉಳಿದವಳು ಕಸ್ತೂರಿ ಒಬ್ಬಳೇ, ಅವಳವ್ವನ ತೊಡೆಯ ಮೇಲೆ.

ಆಯಿ ಕಡ್ಡಿಯನ್ನು ಬೂದಿಯಲ್ಲಿ ಚುಚ್ಚಿದಳು. "ಒಯ್ರಿ ಮನಿಗೆ. ಹರಳೆಣ್ಣಿ ಕುಡಸ್ರಿ."

ಅವ್ವ ದಾರಿಯಲ್ಲಿ ಬೆನ್ನಿಗೆ ಒಂದು ಗುದ್ದಿದಳು, ಆಮೇಲೆ ಅಲ್ಲೇ ತಬ್ಬಿಕೊಂಡು ಅತ್ತಳು. ಮರುದಿನ ಬೆಳಿಗ್ಗೆ ಹೆಗಲ ಮೇಲೆ ಹೊದೆಯುವ ಕೌದಿ ಹಾಕಿಕೊಂಡು ಹೊರಟಳು. ಅವ್ವ ಒಂದು ತುದಿ, ಕಸ್ತೂರಿಯ ಅವ್ವ ಇನ್ನೊಂದು ತುದಿ ಹಿಡಿದು ನಮಗೂ ರಸ್ತೆಗೂ ನಡುವೆ ಮರೆಯಾಗಿ ನಿಂತರು. "ಕುಂದರ್ರಿ, ನಾವ ಅದೀವಿ," ಎಂದರು. ಬಸ್ಸು ಬಂತು, ಬೆಳಕು ಕೌದಿಯ ಮೇಲೆ ಬಿತ್ತು, ಹೋಯಿತು. ನಾವು ಏಳಲಿಲ್ಲ. ಹದಿನೈದು ದಿನದಲ್ಲಿ ನೋವು ನಿಂತಿತು.

ಈಗ ನಾನು ಶಾಲೆಯ ಟೀಚರು. ಹೊಟ್ಟೆ ಹಿಡಿದು ಬರುವ ಮಕ್ಕಳು ಈಗಲೂ ಅಷ್ಟೇ ಇದ್ದಾರೆ. ತಪಾಸಣೆಗೆ ಬರುವ ಡಾಕ್ಟರು ಹೇಳುತ್ತಾರೆ, ಬಹಳಷ್ಟು ಮಕ್ಕಳಲ್ಲಿ ಒಳಗೆ ಏನೂ ಕೆಟ್ಟಿರುವುದಿಲ್ಲ, ಆದರೆ ನೋವು ಸುಳ್ಳಲ್ಲ ಎಂದು. ನಾನು ಅಂಥ ಮಕ್ಕಳನ್ನು ಪಕ್ಕಕ್ಕೆ ಕರೆದು, ಹೊರಕಡೆ ಆಯಿತೇ ಎಂದು ಕೇಳುತ್ತೇನೆ. "ಆತ್ರಿ" ಎಂದು ಬೇಗ ಹೇಳಿದರೆ ಮತ್ತೊಮ್ಮೆ ಕೇಳುತ್ತೇನೆ. ಈಗ ಮನೆಮನೆಯಲ್ಲೂ ಪಾಯಖಾನೆಗೆ ಚಿಲಕವಿರುವ ಬಾಗಿಲಿದೆ, ಒಳ್ಳೆಯದೇ ಆಯಿತು. ಕೌದಿ ಹಿಡಿದು ನಿಂತ ಆ ಇಬ್ಬರು ಮಾತ್ರ ಇಲ್ಲ. ಅಷ್ಟು ಧೈರ್ಯವಾಗಿ ನಾನು ಮತ್ತೆಂದೂ ಎಲ್ಲೂ ಕೂತಿಲ್ಲ.

ಹೋದ ವರ್ಷ ಕಸ್ತೂರಿಯ ಮಗಳ ಮದುವೆಯಲ್ಲಿ ಅವಳನ್ನು ಕೇಳಿಯೇಬಿಟ್ಟೆ, "ಅವತ್ತ ನೀ ಯಾಕ ಹೇಳಲಿಲ್ಲಬೇ?"

"ಆಣಿ ಮಾಡಿದ್ವೆಲ್ಲ."

"ನಾ ಮುರದೆ."

"ಚಲೋ ಮಾಡಿದಿ," ಎಂದು ನಕ್ಕಳು. ಸೀರೆಯ ನಿರಿಗೆಯನ್ನು ಹೊಟ್ಟೆಯ ಹತ್ತಿರ ಸರಿ ಮಾಡಿಕೊಳ್ಳುತ್ತ, ನನ್ನ ಮುಖ ನೋಡದೆ ಅಂದಳು, "ಒಂದ ಪಾಳಿ ಮೊದಲ ಮುರೀಬೇಕಿತ್ತು, ನೋಡು."