ಗೇಮ್ ಸೆಂಟರ್ ಪರವಾಗಿ ಮಾತಾಡಬೇಕಾಗಿದ್ದವನು

ಶತ್ರುಗಳನ್ನು ಮೊದಲು ನೋಡುವವನು ನಾನು, ಕೂಗುವವನು ಅವನು. ಕೋಲಾರದ ಗೇಮ್ ಸೆಂಟರಿನಲ್ಲಿ ನಾವಿಬ್ಬರೂ ಸೇರಿ ಐದು ಜನರ ತಂಡ. ಪರದೆಯ ಮೂಲೆಯಲ್ಲಿರುವ ಪುಟ್ಟ ನಕ್ಷೆಯ ಮೇಲೆ ನನ್ನ ಕಣ್ಣು ಸದಾ ಇರುತ್ತದೆ. ಎದುರು ತಂಡದವರು ಹಿಂದಿನಿಂದ ಬರುತ್ತಿದ್ದರೆ ಮೆಲ್ಲಗೆ ಹೇಳುತ್ತೇನೆ. ಯಾರೂ ತಿರುಗುವುದಿಲ್ಲ. ಆಮೇಲೆ ಅವನು ಕೂಗುತ್ತಾನೆ: "ಎನಕ ಚೂಡ್ರಾ! ಹಿಂದ್ಗಡೆ! ಮೆಟ್ಲ್ ಹತ್ರ ಇಬ್ರವ್ರೆ!" ಎಲ್ಲರೂ ತಿರುಗುತ್ತಾರೆ. ನಾನೂ ತಿರುಗುತ್ತೇನೆ.

ಒಂದು ಸಲ ಅನುಮಾನ ಬಂದು ಪಂದ್ಯದ ರೆಕಾರ್ಡಿಂಗ್ ಹಾಕಿ ಕೇಳಿದೆ. ಅವನೇ ಮೊದಲು ಕೂಗಿದ್ದ. ನನ್ನ ದನಿ ಅವನ ಹಿಂದೆ, ಪ್ರತಿಧ್ವನಿಯ ಹಾಗೆ ಇತ್ತು. ಆದರೂ ಈ ಬರಹವನ್ನು 'ಮೊದಲು ನೋಡುವವನು ನಾನು' ಎಂದೇ ಶುರುಮಾಡಿದ್ದೇನೆ. ಅಳಿಸಲು ಮನಸ್ಸು ಬರುತ್ತಿಲ್ಲ. ಓದುವವರು ಮುಂದಿನದ್ದನ್ನೂ ಇದೇ ಎಚ್ಚರದಿಂದ ಓದಿದರೆ ಒಳ್ಳೆಯದು.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಸುಗ್ಗಿಯಲ್ಲಿ ತೋತಾಪುರಿ ರಾಶಿಗಳ ಮುಂದೆ ನಿಂತು ಕನ್ನಡದಲ್ಲಿ ಕೂಗು ಎತ್ತಿಕೊಂಡು ತೆಲುಗಿನಲ್ಲಿ ಇಳಿಸುತ್ತಾನೆ. ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಸುಮ್ಮನಿದ್ದರೆ ಎದುರಿನವನು ಬಾಯಿ ಬಿಡುತ್ತಾನೆ ಎಂಬುದು ಅವನ ಗಂಟಲಿಗೆ ಗೊತ್ತು. ನಾನು ಮಾಲೂರಿನವನು. ನರಸಾಪುರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಯಂತ್ರಗಳ ಮುಂದೆ ಗಂಟಲಿನ ಅಗತ್ಯವಿಲ್ಲ.

ನನ್ನ ಬಳಿ ಇದ್ದದ್ದು ಅಭಿಪ್ರಾಯಗಳು. ಪೂರ್ತಿ ಬೆಲೆ ಕೊಟ್ಟು ಕೊಂಡ ಆಟವನ್ನು ಕಂಪನಿಯವರು ಸರ್ವರ್ ನಿಲ್ಲಿಸಿ ಕಿತ್ತುಕೊಳ್ಳುತ್ತಾರಲ್ಲ, ಅದು ಕಳ್ಳತನ, ಅದನ್ನು ಕಾನೂನು ತಡೆಯಬೇಕು. ಒಳಗೇನಿದೆ ಎಂದು ತಿಳಿಸದೆ ಮಕ್ಕಳಿಗೆ ಮುಚ್ಚಿದ ಪೆಟ್ಟಿಗೆ ಮಾರುವ ಆಟಗಳು ಲಾಟರಿಗಿಂತ ಬೇರೆಯಲ್ಲ, ಅವನ್ನೂ ತಡೆಯಬೇಕು. ವಯಸ್ಸು ನೋಡುತ್ತೇವೆಂದು ಎಲ್ಲರ ಗುರುತಿನ ಚೀಟಿ ಕೇಳುವುದು ಮೂರ್ಖತನ. ಇವನ್ನೆಲ್ಲ ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೆ ಹೇಳುತ್ತಿದ್ದೆ. ಅವನು ನಿದ್ದೆ ಹೋಗುತ್ತಿದ್ದ. ನಿದ್ದೆ ಹೋದವನ ಎದುರು ನಾನು ಬಹಳ ಚೆನ್ನಾಗಿ ವಾದಿಸುತ್ತೇನೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ಅದಕ್ಕೂ ನಮಗೂ ಸಂಬಂಧವಿರಲಿಲ್ಲ. ನಮ್ಮ ಸೆಂಟರಿನಲ್ಲಿ ಯಾರೂ ಪಣ ಕಟ್ಟುವುದಿಲ್ಲ, ಕಂಪ್ಯೂಟರಿಗೆ ಗಂಟೆಯ ಬಾಡಿಗೆ ಅಷ್ಟೇ. ಆದರೆ ಎದುರಿನ ಪಾತ್ರೆ ಅಂಗಡಿಯವರ ಮಗ ಫೋನಿನ ರಮ್ಮಿಯಲ್ಲಿ ಕೈ ಸುಟ್ಟುಕೊಂಡಿದ್ದ. ಸುದ್ದಿ ನೋಡಿದ ಮೇಲೆ ಅವರಿಗೆ ನಮ್ಮ ಮಹಡಿಯ ನೀಲಿ ಬೆಳಕೂ ಜೂಜಿನದೇ ಎನ್ನಿಸಿತು. ಸೆಂಟರ್ ಮುಚ್ಚಿಸಿ ಎಂದು ನಗರಸಭೆಗೆ ದೂರು ಕೊಟ್ಟರು. ಅಧಿಕಾರಿ ಎರಡೂ ಕಡೆಯವರನ್ನು ವಾರ್ಡಿನ ಸಮುದಾಯ ಭವನಕ್ಕೆ ಕರೆದರು.

ಸೆಂಟರ್ ನಡೆಸುವ ಭಾಯಿ ಹಿಂದೆ ಅದೇ ಮಹಡಿಯಲ್ಲಿ ಸೀಡಿ ಬಾಡಿಗೆಗೆ ಕೊಡುತ್ತಿದ್ದವರು. ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

"ನೀನೇ ಮಾತಾಡ್ಬೇಕು. ಓದ್ಕೊಂಡಿರೋನು ನೀನೊಬ್ನೇ. ಇವ್ನಿಗೆ ಬಿಟ್ರೆ ಸೆಂಟರ್‌ನೇ ಹರಾಜ್ ಹಾಕ್ಬಿಡ್ತಾನೆ."

"ಭಾಯ್, ಒಳ್ಳೇ ರೇಟ್ ಬಂದ್ರೆ ನಿಮ್ನೂ ಸೇರ್ಸಿ ಕೊಟ್ಬಿಡ್ತೀನಿ," ಎಂದ ಅವನು. ಎಲ್ಲರೂ ನಕ್ಕರು. ನನಗೆ ನಗು ಬೇಕಿರಲಿಲ್ಲ. ಭಾಯಿಯ ಕೈ ಇನ್ನೂ ನನ್ನ ಹೆಗಲ ಮೇಲೆ ಇತ್ತು. ಈ ಸಲ ನಾನು ಹೇಳಿದಾಗ ಎಲ್ಲರೂ ತಿರುಗುತ್ತಾರೆ ಎಂದುಕೊಂಡೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಸೆಂಟರ್ ಉಳಿಯುವುದು ಎರಡನೆಯದು. ಇಲ್ಲ, ಇದು ಈಗ ಹೊಳೆದದ್ದು. ಆಗ ಎರಡೂ ಒಂದೇ ಎಂದೇ ತಿಳಿದಿದ್ದೆ.

ಸಭೆಯಲ್ಲಿ ಅಧಿಕಾರಿ ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು: "ಹೇಳಪ್ಪ, ಮೇಲೆ ಏನಾಡ್ತೀರ?"

ಇದು ನೇರವಾದ ಪ್ರಶ್ನೆ. ನಾನು ಕೌಶಲದ ಆಟ, ಅದೃಷ್ಟದ ಆಟ ಎಂಬ ಎರಡು ವಿಧಗಳಿಂದ ಶುರುಮಾಡಿದೆ. ಹಳೆಯ ತೀರ್ಪುಗಳಲ್ಲಿ ಈ ಭೇದ ಹೇಗೆ ಬೆಳೆಯಿತು, ಜೂಜು ಏಕೆ ರಾಜ್ಯಗಳ ವಿಷಯ, ಎಲ್ಲ ಹೇಳಿದೆ. ನಮ್ಮದು ಕೌಶಲದ ಆಟ ಎಂದು ಒತ್ತಿ ಹೇಳಿದೆ.

ಪಾತ್ರೆ ಅಂಗಡಿಯವರು ಕುರ್ಚಿಯಿಂದ ಎದ್ದರು. "ನೋಡಿ ಮೇಡಂ! ರಮ್ಮಿಯೋರೂ ಟೀವೀಲಿ ಇದೇ ಹೇಳ್ತಿದ್ರು. ಕೌಶಲ ಅಂತೆ ಕೌಶಲ! ನನ್ ಮಗನೂ ಇದೇ ಹೇಳ್ದ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ಹೊಸ ಕಾನೂನು ಆ ಭೇದವನ್ನೇ ತೆಗೆದುಹಾಕಿದೆ, ಹಣ ಕಟ್ಟಿದರೆ ಎರಡೂ ತಪ್ಪೇ ಎಂಬುದು ನನಗೆ ಗೊತ್ತಿತ್ತು. ಆದರೆ ಹಾಗೆ ತೆಗೆದದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಮತ್ತು ಅದನ್ನು ನುಂಗಿಕೊಳ್ಳುವುದು ನನಗೆ ಬಾರದು. "ನಿಜ ಮೇಡಂ," ಎಂದೆ, "ಕಾನೂನಿನ ದೃಷ್ಟಿಯಿಂದ ನೋಡಿದ್ರೆ ರಮ್ಮಿಯೋರ ವಾದದಲ್ಲೂ ಸ್ವಲ್ಪ ಹುರುಳಿತ್ತು."

"ಅರೇ ನಕ್ಕೋ ರೇ, ಬೇಡ್ವೋ," ಎಂದು ಭಾಯಿ ಹಣೆ ಹಿಡಿದುಕೊಂಡರು.

ಸೆಂಟರ್ ಉಳಿಸಲು ಹೋದವನು ರಮ್ಮಿ ಕಂಪನಿಗಳ ಪರ ನಿಂತಿದ್ದೆ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆಗ ಬಾಗಿಲ ಬಳಿಯಿಂದ ಅವನ ದನಿ ಬಂತು.

"ಮೇಡಂ, ಇವ್ನ್ ಹೇಳಿದ್ದು ನಂಗೂ ಅರ್ಥ ಆಗ್ಲಿಲ್ಲ. ಇವ್ನು ನಮ್ಮೋನೇ. ಮೆಟ್ಲು ಹತ್ತಿ ಬಂದು ಕಣ್ಣಾರೆ ನೋಡ್ಬಿಡಿ. ಅಣ್ಣಾ, ನೀವೂ ಬನ್ನಿ. ನೀವೇ ಆಡಿ, ಆಮೇಲ್ ಬೇಕಾದ್ರೆ ಬೀಗ ಹಾಕ್ಸಿ."

ಎಲ್ಲರೂ ತಿರುಗಿದರು. ಎದ್ದರು. ಅವನ ಹಿಂದೆ ಹೊರಟರು. ನಾನು ನನ್ನ ಮುಂದಿನ ವಾಕ್ಯವನ್ನು ಬಾಯಲ್ಲಿಟ್ಟುಕೊಂಡೇ ಸೆಂಟರಿನ ಮೆಟ್ಟಿಲು ಹತ್ತಿದೆ.

ಅವನು ಪಾತ್ರೆ ಅಂಗಡಿಯವರನ್ನು ಲಾರಿ ಓಡಿಸುವ ಆಟದ ಮುಂದೆ ಕೂರಿಸಿ ಸ್ಟಿಯರಿಂಗ್ ಕೈಗೆ ಕೊಟ್ಟ. ನಮ್ಮ ತಂಡದಲ್ಲಿ ಆ ಆಟವನ್ನು ಯಾರೂ ಮುಟ್ಟುವುದಿಲ್ಲ. ಭಾಯಿ ಅದನ್ನು ಇಟ್ಟಿದ್ದೇ ಸುಮ್ಮನೆ. ಆದರೆ ಅವನಿಗೆ ಯಾರಿಗೆ ಯಾವ ಹಣ್ಣು ತೋರಿಸಬೇಕೆಂದು ಗೊತ್ತು.

"ಅಣ್ಣಾ, ಎಡ್ಕಕ್ಕೆ. ಎಡ್ಕಕ್ಕೆ! ಬ್ರೇಕು! ಅಯ್ಯೋ, ಲೋಡ್ ಪಾತ್ರೆ ಪೂರಾ ಕೆರೆಗ್ ಹೋಯ್ತಲ್ಲಣ್ಣಾ!"

"ಇರಪ್ಪ, ಬಿದ್ದಿದ್ದೇನೋ ಬಿತ್ತು. ಇನ್ನೊಂದ್ ಸಲ ಕೊಡು."

"ಅಂಗ್ಡೀಲಿ ಯಾರವ್ರಣ್ಣಾ?"

"ನೀ ಸುಮ್ಕಿರು, ಗೇರ್ ಎಲ್ಲೈತೆ ಹೇಳು."

ನನ್ನ ನೆನಪಿನಲ್ಲಿ ಆಮೇಲೆ ಅಧಿಕಾರಿಯೂ ಸ್ಟಿಯರಿಂಗ್ ಹಿಡಿಯುತ್ತಾರೆ, ಸೆರಗು ಸಿಕ್ಕಿಸಿಕೊಂಡು ನಗುತ್ತಾರೆ. ಭಾಯಿಯನ್ನು ಕೇಳಿದರೆ ಅಂಥದ್ದೇನೂ ನಡೆಯಲಿಲ್ಲ, ಆಯಮ್ಮ ಬಾಗಿಲಲ್ಲೇ ನಿಂತು ವೈರಿಂಗ್ ನೋಡಿ ಬೈದರು ಎನ್ನುತ್ತಾರೆ. ನಾನೇಕೆ ಅವನ ಗೆಲುವನ್ನು ಇನ್ನಷ್ಟು ದೊಡ್ಡದು ಮಾಡಿಕೊಂಡೆನೋ. ಹುಣ್ಣನ್ನು ಒತ್ತಿ ನೋಡುವ ಹಾಗೆ ಇರಬೇಕು.

ದೂರು ಬಿದ್ದುಹೋಯಿತು. ಷರತ್ತುಗಳು ಬಂದವು: ಬೀದಿಗೆ ಕಾಣುವಂತೆ ಗಾಜು, ಶಾಲೆಯ ಹೊತ್ತಿನಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ, ಆಡಲು ಬಂದವರ ಗುರುತಿನ ಚೀಟಿಯ ಜೆರಾಕ್ಸ್. ಅವನು ಎಲ್ಲದಕ್ಕೂ "ಆಯ್ತು ಮೇಡಂ" ಎಂದ. ಜೆರಾಕ್ಸ್ ಬೇಡ, ಅಷ್ಟು ಜನರ ವಿವರ ಬೀಗವಿಲ್ಲದ ಡ್ರಾಯರಿನಲ್ಲಿ ಕೂತರೆ ನಾಳೆ ಯಾರ ಕೈಗೆ ಹೋಗುತ್ತದೋ ಎಂದೆ. ಅದು ಸರಿಯಾದ ಮಾತು, ಇವತ್ತಿಗೂ ಸರಿ.

"ಲೇ, ಬೀಗ ಬೀಳ್ಲಿಲ್ವಲ್ಲ, ಖುಷಿ ಪಡೋ," ಎಂದ ಅವನು.

ಆಮೇಲಿನ ದಿನಗಳು ಕೆಟ್ಟವು. ಲಾರಿ ಕೆರೆಗೆ ಬಿದ್ದ ವೀಡಿಯೊ ಊರೆಲ್ಲ ಓಡಾಡಿತು. ಅವನಿಗೆ ಗೇಮ್ ಲಾಯರ್ ಎಂದು ಹೆಸರು ಬಿತ್ತು. ಭಾಯಿ ಚಹಾದ ಲೋಟವನ್ನು ಮೊದಲು ಅವನ ಕೈಗೆ ಕೊಡತೊಡಗಿದರು. ಮೊದಲೂ ಹಾಗೆಯೇ ಕೊಡುತ್ತಿದ್ದರೇನೋ, ನಾನು ನೋಡಲು ಶುರುಮಾಡಿದ್ದು ಆಗ. ವಕ್ಕಲೇರಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದಾಗ ಪಕ್ಕದವನು ಕೇಳಿದ: "ನೀವು ಆ ಗೇಮ್ ಲಾಯರ್ ಟೀಮ್ನೋರಲ್ವಾ?" ಹೌದು ಎಂದೆ. ಪಾಯಸ ಬೇಡ ಎಂದೆ.

ನನ್ನ ಅಭಿಪ್ರಾಯಗಳೂ ಹುಳಿಯಾದವು. ಕ್ರೀಡೆ ಎಂದು ಒಪ್ಪಿದ ಮೇಲೆ ನಮ್ಮ ಆಟಕ್ಕೂ ಸರ್ಕಾರ ರಾಜ್ಯ ತಂಡ ಕಟ್ಟಬೇಕು ಎಂದು ವರ್ಷಗಟ್ಟಲೆ ವಾದಿಸಿದವನು, ಕಟ್ಟಿದರೆ ನಮ್ಮ ಜಿಲ್ಲೆಯಿಂದ ಮೊದಲು ಕರೆಯುವುದು ಇವನನ್ನೇ ಎಂದು ಹೊಳೆದ ದಿನ ಆ ವಾದವನ್ನು ಬಿಟ್ಟೆ. ಒಬ್ಬ ಮನುಷ್ಯನ ಗಂಟಲಿನಿಂದಾಗಿ ಸಾರ್ವಜನಿಕ ನೀತಿಯ ಬಗ್ಗೆ ನಿಲುವು ಬದಲಿಸುವುದು ನಾಚಿಕೆಗೇಡು. ಬದಲಿಸಿದೆ.

ಮುಂದೆ ಮುಳಬಾಗಿಲಿನ ಒಂದು ಸೆಂಟರಿಗೆ ಇದೇ ಸಂಕಟ ಬಂತು. ಅಲ್ಲಿಯವರು ಅವನನ್ನು ಕರೆಸಿದರು. "ನೀನೂ ಬಾರೋ," ಎಂದ. ಶಿಫ್ಟ್ ಇದೆ ಎಂದೆ. ಇತ್ತು. ಬದಲಾಯಿಸಿಕೊಳ್ಳಬಹುದಿತ್ತು.

ಆ ಮಧ್ಯಾಹ್ನ ಕಂಪನಿ ಬಸ್ಸಿನಲ್ಲಿ ಕೂತಿದ್ದಾಗ ಫೋನ್ ಬಂತು. ಅವನು ಪಿಸುಗುಟ್ಟುತ್ತಿದ್ದ. ಅವನ ಪಿಸುಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಇಲ್ಲಿನ ಸಾಹೇಬ್ರು ಮೆಟ್ಲು ಹತ್ತಲ್ಲ ಅಂತವ್ರೆ ಕಣೋ. ಮಂಡಿ ನೋವಂತೆ. ಆಟ ಗೀಟ ಬೇಡ, ಕಾನೂನ್ ಏನೈತೆ ಹೇಳು ಅಂತಾರೆ. ನಾನೇನ್ ಹೇಳ್ಲಿ? ಬೇಗ."

ನಾನು ಸುಮ್ಮನಿದ್ದೆ. 'ಕೌಶಲದ ಆಟ ಎಂದು ಹೇಳು' ಎಂದರೆ ಸಾಕಿತ್ತು. ಅವನು ಅದನ್ನು ಕೂಗಿ ಹೇಳುತ್ತಿದ್ದ, ಆ ಸೆಂಟರಿಗೆ ಸಂಜೆಯೊಳಗೆ ಬೀಗ ಬೀಳುತ್ತಿತ್ತು. ಸುಮ್ಮನಿದ್ದದ್ದು ಆ ಯೋಚನೆಯಿಂದಲೋ, ಉತ್ತರ ಕೂಡಿಸಿಕೊಳ್ಳುತ್ತಿದ್ದೆನೋ, ಎರಡರಲ್ಲಿ ಯಾವುದನ್ನು ಬರೆದರೂ ಸುಳ್ಳಿನ ವಾಸನೆ ಬರುತ್ತದೆ.

"ಇದ್ದೀಯೇನ್ಲಾ?"

"ಇದ್ದೀನಿ. ಕೇಳ್ಸ್ಕೋ. ಇಲ್ಲಿ ಆಡೋರು ಪಣ ಕಟ್ಟಲ್ಲ, ಗೆದ್ದೋರಿಗೆ ಹಣ ಬರಲ್ಲ, ಕೊಡೋದು ಕಂಪ್ಯೂಟರ್ ಬಾಡಿಗೆ ಮಾತ್ರ. ಈ ಕಾನೂನು ಹಿಡಿಯೋದು ಹಣ ಕಟ್ಟಿಸ್ಕೊಂಡು ಆಡ್ಸೋರನ್ನ. ಇಷ್ಟೇ ಹೇಳು. ಕೌಶಲ ಅನ್ನೋ ಮಾತು ಮಾತ್ರ ಬಾಯಿಗ್ ಬರ್ಬಾರ್ದು."

"ಇಷ್ಟೇನಾ?"

"ಇಷ್ಟೇ."

ಅವನು ಕರೆ ಮುಗಿಸದೆ ಫೋನನ್ನು ಜೇಬಿಗೆ ಹಾಕಿಕೊಂಡ. ಬಟ್ಟೆಯ ಸರಸರ, ಕುರ್ಚಿ ಎಳೆದ ಸದ್ದು. ಆಮೇಲೆ ನನ್ನ ಮಾತುಗಳು ಒಂದೊಂದಾಗಿ ಅವನ ದನಿಯಲ್ಲಿ ಬಂದವು. ಒಂದನ್ನೂ ಸೇರಿಸಲಿಲ್ಲ, ಬಿಡಲಿಲ್ಲ. 'ಹಣ ಬರಲ್ಲ' ಎಂದ ಮೇಲೆ ಒಂದು ಕ್ಷಣ ಸುಮ್ಮನಾದ. ನಾನು ಹೇಳುವಾಗ ಅಲ್ಲಿ ಆ ಮೌನ ಇರಲಿಲ್ಲ.

"ಹಿಂಗೆ ಹೇಳಿದ್ರೆ ತಿಳಿಯುತ್ತೆ ನೋಡಿ," ಎಂದಿತು ಒಂದು ವಯಸ್ಸಾದ ದನಿ. "ಸರಿ, ನಡ್ಸ್ಕೊಳ್ಳಿ. ವಕೀಲಿಕೆ ಓದಿದ್ದೀರಾ?"

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಹೌದು ಎನ್ನಲಿ ಎಂದು ಬಯಸಿದೆ. ಹೌದು ಎಂದಿದ್ದರೆ ಅವನನ್ನು ಜೀವನವಿಡೀ ಸುಖವಾಗಿ ದ್ವೇಷಿಸಬಹುದಿತ್ತು.

"ಇಲ್ಲ ಸಾರ್, ಇದು ನನ್ ಮಾತಲ್ಲ," ಎಂದ ಅವನು. "ಮಾಲೂರಲ್ಲಿ ನಮ್ಮೋನೊಬ್ನವ್ನೆ. ಅವ್ನು ಹೇಳ್ಕೊಟ್ಟಿದ್ದು." ಎಂದು ನನ್ನ ಹೆಸರನ್ನು, ತಂದೆಯ ಹೆಸರಿನ ಸಮೇತ, ತುಂಬು ದನಿಯಲ್ಲಿ ಹೇಳಿದ.

ನನ್ನ ಹೆಸರು ಅಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.