ಬೆಕ್ಕಿಗೆ ಒಂದು ಚಿಟಿಕೆ

ದನಕರುಗಳಿಗೆ ಹಾಕುವ ಗಿಡಮೂಲಿಕೆ ಪುಡಿ ಮಾರುವುದು ನನ್ನ ಕೆಲಸ. ಹೂವಿನ ಹಿಪ್ಪರಗಿ ಊರಿನ ಅಂಗಡಿಯೊಂದರಲ್ಲಿ ಅಜ್ಜಿಯೊಬ್ಬರು ಕೇಳಿದರು: “ತಮ್ಮಾ, ನಮ್ಮ ಬೆಕ್ಕು ಕೂಳ ಮುಟ್ಟವಲ್ದು. ಇದನ್ನ ಹಾಕಿದ್ರ ನಡೀತೈತೇನು?”

ಪೊಟ್ಟಣದ ಮೇಲೆ ಎಮ್ಮೆಗೆ ಎರಡು ಚಮಚ ಎಂದಿತ್ತು. “ದಿನಾ ಒಂದು ಚಿಟಿಕಿ ಹಾಕ್ರಿ ಯವ್ವಾ. ಗಿಡಮೂಲಿಕಿ, ಏನೂ ಆಗೂದಿಲ್ಲ,” ಎಂದೆ. ಬೆಕ್ಕು ಎಮ್ಮೆಗಿಂತ ಸಣ್ಣದು ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ಮರುತಿಂಗಳು ಅದೇ ಅಂಗಡಿಯಲ್ಲಿ ಸಿಕ್ಕರು. “ಬೆಕ್ಕು ಸತ್ತುಹೋತು. ಪುಡಿಯೊಳಗ ಬಳ್ಳೊಳ್ಳಿ ಐತಿ, ಅದು ಬೆಕ್ಕಿಗಿ ವಿಷ ಅಂದ್ರು ದನದ ಡಾಕ್ಟರು.”

ಬೈಸಿಕೊಳ್ಳಲು ತಯಾರಾಗಿ ನಿಂತೆ. ಅಜ್ಜಿ ಉಳಿದ ಪುಡಿಯನ್ನು ನನ್ನ ಕೈಗಿಟ್ಟು, “ಯಾರದರ ಎಮ್ಮಿಗಿ ಹಾಕು, ಸುಮ್ನ ಹಾಳಾಗೂದು ಬ್ಯಾಡ,” ಎಂದರು.

ಎಮ್ಮೆಗಾದರೂ ಇದರಿಂದ ಏನಾಗುತ್ತದೆ ಎಂದು ನಾನು ಇವತ್ತಿಗೂ ಯಾವ ಡಾಕ್ಟರನ್ನೂ ಕೇಳಿಲ್ಲ. ಮಾರಾಟ ಚೆನ್ನಾಗಿದೆ.