ಎಲ್ಲರೂ ನಿಂತು ಓದುವ ಗೋಡೆ

ಬೆಳಿಗ್ಗೆ ಬಕೆಟ್ಟಿನಲ್ಲಿ ಕಲಸಿದ ಮೈದಾ ಅಂಟಿನ ವಾಸನೆ ನನ್ನನ್ನು ಬಾಲ್ಯಕ್ಕೆ ಎಳೆದೊಯ್ದಿತು.

ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾದ ಹೊಸತು. ಅಮ್ಮ ಮನೆಯಲ್ಲೇ ಹೊಲಿಗೆ ಶುರುಮಾಡಿದ್ದಳು. ಜಾಹೀರಾತು ಎಲ್ಲಿ ಹಾಕುವುದು? ಮಲಯಾಳ ಓದಲು ಬಾರದ ಅಪ್ಪ ಉಳ್ಳೂರು ಜಂಕ್ಷನ್ ಸುತ್ತಿ ಬಂದು, "ಅಲ್ಲೊಂದು ಗೋಡೆ ಇದೆ ಕಣೇ, ಎಲ್ರೂ ನಿಂತು ಓದ್ತಾರೆ. ಎಲ್ಲಾ ಪೋಸ್ಟರಲ್ಲೂ ಫೋಟೋ ಇದೆ, ನಿಂದೂ ಹಾಕೋಣ" ಎಂದರು. ಅಮ್ಮನ ಫೋಟೋ ಹಾಕಿ ಇಂಗ್ಲಿಷಿನಲ್ಲಿ ಪೋಸ್ಟರ್ ಮಾಡಿಸಿ, ತಾವೇ ಅಂಟಿಸಿಯೂ ಬಂದರು.

ಮರುದಿನ ಗೋಡೆಯ ಮೇಲೆ ಆ ಫೋಟೋ ನೋಡಿ ಅಳುತ್ತಾ ಬಂದ ಪಕ್ಕದ ಮನೆಯ ಚೇಚಿ, ಬಾಗಿಲು ತೆರೆದ ಅಮ್ಮನನ್ನು ಕಂಡು ಕಿರುಚಿಕೊಂಡರು. ಅದು ಸಾವಿನ ಸುದ್ದಿ ಅಂಟಿಸುವ ಗೋಡೆ.

"ಸತ್ತವಳ ಕೈಲಿ ಯಾರು ಹೊಲಿಸ್ತಾರೆ?" ಎಂದು ಅಮ್ಮ ಮಿಷನ್ನಿಗೆ ಬಟ್ಟೆ ಹೊದಿಸಿದಳು. ಮತ್ತೆ ತೆಗೆಯಲೇ ಇಲ್ಲ.

ಇವತ್ತು ಅವಳ ಸಾವಿನ ಸುದ್ದಿ ಅಂಟಿಸಲು ಅದೇ ಗೋಡೆಗೆ ಹೋದೆವು. ಅಪ್ಪ ನನ್ನ ಕೈ ಹಿಡಿದುಕೊಂಡರು. "ಇಲ್ಲಿ ಬೇಡ ಕಣೋ. ಅವಳಿಗೆ ಸಿಟ್ಟು ಬರುತ್ತೆ."